ಕಾಯಿನ್ನಿಗೆ ಮೂರು ಶಿಫ್ಟ್

ನಿವೃತ್ತಿಯಾದ ಮೇಲೆ ಒಂದು ವರ್ಷ ನಮ್ಮನೆಯವರು ವರಾಂಡದಲ್ಲಿ ಸುಮ್ಮನೆ ಕೂತರು. ಐದಕ್ಕೇ ಎದ್ದು, ಗಡ್ಡ ಕೆರೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬೂಟಿನ ಬದಲು ಚಪ್ಪಲಿ ಹಾಕಿಕೊಂಡು ಕೂರುವುದು. ಹೋಗಬೇಕಾದ ಜಾಗ ಒಂದೂ ಇಲ್ಲ. ನಾನು ಕಸ ಗುಡಿಸುತ್ತ ಬಂದರೆ ಕಾಲು ಮೇಲೆತ್ತುತ್ತಿದ್ದರು, ನಾನು ದಾಟಿದ ಮೇಲೆ ಇಳಿಸುತ್ತಿದ್ದರು. "ಪ್ಯಾಟಿಗಾದ್ರೂ ಹೋಗಿ ಬರ್ರಿ," ಅಂದರೆ "ಏನ್ ತರೂದೈತಿ?" ಎಂದು ಕೇಳುತ್ತಿದ್ದರು. ಜಗಳ ಆಡುವ ಗಂಡನ ಜೊತೆ ಬಾಳಬಹುದು, ಹೀಗೆ ಕಾಲು ಎತ್ತಿ ಇಳಿಸುವವರ ಜೊತೆ ನನಗಂತೂ ಆಗುತ್ತಿರಲಿಲ್ಲ.

ಅವರದು ಹೈದರಾಬಾದಿನ ಈ ಮಗ್ಗುಲಲ್ಲಿರುವ ಒಂದು ಸರ್ಕಾರಿ ಕಾರ್ಖಾನೆ. ದೇಶದ ರಕ್ಷಣೆಗೆ ಬೇಕಾದ ಏನನ್ನೋ ಅಲ್ಲಿ ಮಾಡುತ್ತಾರೆ. ಏನು ಎಂದು ನನಗೆ ಇವತ್ತಿಗೂ ಹೇಳಿಲ್ಲ, ನಾನೂ ಕೇಳುವುದನ್ನು ಯಾವತ್ತೋ ಬಿಟ್ಟೆ. ಕಾಲನಿಯಲ್ಲಿ ಕರ್ನಾಟಕದಿಂದ ಬಂದವರು ನಾವು ಬಹಳ ಮನೆ ಇದ್ದೆವು. ಗಂಡಸರನ್ನು ಹೆಸರು ಹಿಡಿದು ಕರೆಯುವ ರೂಢಿ ಇರಲಿಲ್ಲ, ಬಿಟ್ಟುಬಂದ ಊರೇ ಹೆಸರು. ನಮ್ಮನೆಯವರು ಗದಗಿನವರು. ಅವರ ಜೊತೆ ಒಂದೇ ಮಷೀನ್ ಶಾಪಿನಲ್ಲಿ ದುಡಿದ ಇನ್ನಿಬ್ಬರು, ಒಬ್ಬರು ರಾಯಚೂರಿನವರು, ಇನ್ನೊಬ್ಬರು ಬೀದರಿನವರು. ಬೀದರಿನವರ ಹೆಂಡತಿಯನ್ನು ನಾನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದೆ, ಅವಳು ನನ್ನನ್ನು ಅಕ್ಕಾರ ಅನ್ನುತ್ತಿದ್ದಳು. ನನ್ನ ಒಡಹುಟ್ಟಿದ ತಂಗಿಯರ ಜೊತೆ ನಾನು ಕಳೆದದ್ದು ಹದಿನೆಂಟು ವರ್ಷ. ಇವಳ ಜೊತೆ ಕಳೆದದ್ದು ಅದಕ್ಕಿಂತ ಎಷ್ಟೋ ಹೆಚ್ಚು.

ಕಾಯಿನ್ ವಿಷಯ ನಮ್ಮ ಮನೆಗೆ ಬಂದದ್ದು ರಾಯಚೂರಿನವರ ಮೊಮ್ಮಗಳ ತೊಟ್ಟಿಲ ಕಾರ್ಯಕ್ರಮದ ಊಟದಲ್ಲಿ. ಕೊರೊನಾ ಕಾಟ ಸ್ವಲ್ಪ ತಗ್ಗಿ, ಜನ ಮತ್ತೆ ಪಂಕ್ತಿಯಲ್ಲಿ ಕೂರಲು ಶುರುಮಾಡಿದ ಕಾಲ. ಅವರ ಅಳಿಯ ಗಚ್ಚಿಬೌಲಿಯಲ್ಲಿ ಕೆಲಸ ಮಾಡುವವನು. ಬಿಟ್‌ಕಾಯಿನ್ ಅಂತ ಒಂದಿದೆ, ಕೈಗೆ ಸಿಗುವುದಿಲ್ಲ, ಕಣ್ಣಿಗೆ ಕಾಣುವುದಿಲ್ಲ, ಆದರೆ ತಾನು ತೆಗೆದುಕೊಂಡದ್ದು ಆಗಲೇ ದುಪ್ಪಟ್ಟಾಗಿದೆ ಎಂದು ಹೋಳಿಗೆ ಮುರಿಯುತ್ತ ಹೇಳಿದ. ಮೂವರೂ ತಲೆ ಎತ್ತಲಿಲ್ಲ. ಶೇರು, ಗೀರು ಎಲ್ಲ ಇವರಿಗೆ ಇಸ್ಪೀಟಿನ ಸಮ. ಆಮೇಲೆ ಅವನು ಮಾತಿಗೆ ಮಾತು ಬಂದು, ಶೇರು ಮಾರ್ಕೆಟ್ ಸಂಜೆಯೊಳಗೆ ಮುಚ್ಚುತ್ತದೆ, ಇದು ಯಾವತ್ತೂ ಮುಚ್ಚುವುದಿಲ್ಲ ಎಂದ.

ನಮ್ಮನೆಯವರ ಕೈ ಎಲೆಯ ಮೇಲೆ ನಿಂತಿತು. "ರಾತ್ರೀನೂ ನಡೀತೈತೇನು?"

"ನಡೀತದ್ರಿ, ಇಪ್ಪತ್ನಾಲ್ಕು ತಾಸೂ."

"ಐತ್ವಾರ?"

"ಐತ್ವಾರನೂ. ದೀಪಾವಳಿಗೂ ಬಂದ್ ಇರೂದಿಲ್ಲ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೇರೆ ಯಾರಾದರೂ ಆಗಿದ್ದರೆ, ನಿದ್ದೆಯಿಲ್ಲದ ಆ ವ್ಯಾಪಾರಕ್ಕೆ ದೂರದಿಂದಲೇ ಕೈ ಮುಗಿಯುತ್ತಿದ್ದರು. ಇವರ ಕಣ್ಣಲ್ಲಿ ಬೆಳಕು ಬಂತು. "ಹಂಗಾರ ಮೂರು ಶಿಫ್ಟ್ ಬೇಕಾಗ್ತೈತಿ," ಅಂದರು ನಮ್ಮನೆಯವರು. ನಿವೃತ್ತಿಯ ನಂತರ ಅವರ ಬಾಯಿಂದ ಬಂದ ಮೊದಲ ಉತ್ಸಾಹದ ಮಾತು ಅದು. ನಾನು ಹೋಳಿಗೆಗೆ ತುಪ್ಪ ಬಡಿಸುವುದನ್ನು ಮರೆತು ನಿಂತೆ.

ಹುಡುಗಾಟಕ್ಕೆ ಶುರುವಾದದ್ದಲ್ಲ, ಒಂದು ಕಾರಣವೂ ಇತ್ತು. ಬೀದರಿನವರು ಆಗಷ್ಟೇ ನಿವೃತ್ತರಾಗಿದ್ದರು. ಕ್ವಾರ್ಟರ್ಸಿನಲ್ಲಿ ಇನ್ನು ಕೆಲವು ತಿಂಗಳು ಇರಬಹುದಿತ್ತು, ಆಮೇಲೆ ಬೀಗದ ಕೈ ಒಪ್ಪಿಸಬೇಕು. ನಾವು ಎಂದೋ ಸೊಸೈಟಿಯ ಸೈಟು ಹಿಡಿದು ಸಣ್ಣ ಮನೆ ಕಟ್ಟಿಕೊಂಡಿದ್ದೆವು. ರಾಯಚೂರಿನವರು ಮಗಳು ಅಳಿಯನ ಜೊತೆಗಿದ್ದರು. ಬೀದರಿನವರ ದುಡ್ಡು ಹೆಣ್ಣುಮಕ್ಕಳ ಮದುವೆಗೆ ಹೋಗಿತ್ತು. ಅವರು ಇಲ್ಲೇ ಉಳಿಯಬೇಕಾದರೆ ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದಿನ ಎರಡು ಕೋಣೆಯ ಒಂದು ಫ್ಲ್ಯಾಟಿಗೆ ಅಡ್ವಾನ್ಸ್ ಕಟ್ಟಬೇಕಿತ್ತು. ಇಲ್ಲದಿದ್ದರೆ ಬೀದರಿಗೆ ಹೋಗಬೇಕು. ವೈನಿ ಹೋಗಿಬಿಡುತ್ತಾಳೆ ಎನ್ನುವುದು ನನಗೆ ನುಂಗಲಾರದ ಮಾತಾಗಿತ್ತು.

ಆ ಫ್ಲ್ಯಾಟ್ ಹುಡುಕಿದ್ದೂ ನಾನೇ. ಬಿಸಿಲಲ್ಲಿ ಮೂರು ಮಹಡಿ ಹತ್ತಿ, ಅದರ ಬಾಲ್ಕನಿಯಲ್ಲಿ ನಿಂತು ನೋಡಿದರೆ ನಮ್ಮ ಮಾಳಿಗೆಯ ಮೇಲೆ ಒಣಗಿಹಾಕಿದ ಬಟ್ಟೆ ಕಾಣುತ್ತಿತ್ತು. ಬಿಲ್ಡರ್ ಜೊತೆ ನನ್ನ ಅರ್ಧಂಬರ್ಧ ತೆಲುಗಿನಲ್ಲೇ ಚೌಕಾಸಿ ಮಾಡಿ, ಬೇರೆ ಯಾರಿಗೂ ಕೊಡಬೇಡ, ಅಡ್ವಾನ್ಸ್ ಇವತ್ತು ನಾಳೆ ಬರುತ್ತದೆ ಎಂದು ಹೇಳಿ ಬಂದೆ. "ಸರೇ ಆಂಟೀ," ಅಂದ, ನಂಬದವನ ಹಾಗೆ. ವೈನಿಯನ್ನು ಕರೆದುಕೊಂಡು ಹೋಗಿ ತೋರಿಸಿದೆ. ಇಲ್ಲಿ ನಿನ್ನ ತುಳಸಿ, ಇಲ್ಲಿ ನಿನ್ನ ಮಿಕ್ಸಿ ಎಂದು ನಾನೇ ಜಾಗ ಗೊತ್ತುಮಾಡಿದೆ. ಅವಳು ಗೋಡೆ ಮುಟ್ಟಿ ನೋಡಿದಳು, ನಲ್ಲಿ ತಿರುಗಿಸಿ ನೋಡಿದಳು. "ಛಲೋ ಅದ್ರಿ ಅಕ್ಕಾರ," ಅಂದಳು.

ಮೂವರೂ ಸಮಪಾಲು ಹಾಕಿದರು. ಖಾತೆ ನಮ್ಮನೆಯವರ ಹೆಸರಿನಲ್ಲಿ. ಬೀದರಿನವರ ಪಾಲು ಅಡ್ವಾನ್ಸಿನಷ್ಟಾದ ಕೂಡಲೇ ಅದನ್ನು ಮಾರಿ ಕೊಟ್ಟುಬಿಡುವುದು, ಉಳಿದಿಬ್ಬರದು ಆಮೇಲೆ ನೋಡೋಣ ಎಂದು ಮಾತಾಯಿತು. ಆ ಮೊತ್ತಕ್ಕೆ ಟಾರ್ಗೆಟ್ ಎಂದು ಹೆಸರಿಟ್ಟರು. ಕಾರ್ಖಾನೆಯಲ್ಲಿ ಮಾರ್ಚ್ ಬಂತೆಂದರೆ ಈ ಪದ ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು. ಈಗ ಅದು ನನಗೂ ಮುದ್ದಾಯಿತು.

ಇನ್ನು ಅವರ ಕಾನೂನುಗಳನ್ನು ಹೇಳಬೇಕು. ಆ ಅಳಿಯ ನೋಡಿ ತಲೆ ಚಚ್ಚಿಕೊಂಡ. ಪ್ರತಿಯೊಬ್ಬರ ಫೋನಿನಲ್ಲೂ ಬೆಲೆ ಕಾಣುತ್ತದೆ ಮಾವಾರ, ಎಂದು ಅವನು ಹೇಳಿದ. ಅದು ಸರಿಯಲ್ಲ ಎಂದರು ಮೂವರೂ. ಒಂದು ಮಷೀನಿಗೆ ಒಂದು ಸಲಕ್ಕೆ ಒಬ್ಬನೇ ಆಪರೇಟರ್. ಹಾಗಾಗಿ ನಮ್ಮ ಮನೆಯ ಒಂದು ಹಳೇ ಫೋನು ಕಾಯಿನ್ನಿಗೆಂದೇ ಮೀಸಲಾಯಿತು. ಬೆಳಗಿನ ಆರರಿಂದ ಎರಡರವರೆಗೆ ಎ ಶಿಫ್ಟ್, ಎರಡರಿಂದ ಹತ್ತು ಬಿ, ಹತ್ತರಿಂದ ಆರು ಸಿ. ವಾರಕ್ಕೊಮ್ಮೆ ಶಿಫ್ಟ್ ತಿರುಗುತ್ತದೆ. ಡ್ಯೂಟಿಯಲ್ಲಿ ಇರುವವನ ಕೈಯಲ್ಲಿ ಫೋನು. ಮಾರುವುದೋ ಬಿಡುವುದೋ ಅವನ ವಿವೇಚನೆ. ಡ್ಯೂಟಿಯಲ್ಲಿ ಇಲ್ಲದವನು ಬೆಲೆ ಕೇಳಬಾರದು, ನೋಡಬಾರದು. ಟಿವಿಯಲ್ಲಿ ಬಿಟ್‌ಕಾಯಿನ್ ಎಂದು ಸುದ್ದಿ ಬಂದರೆ ನಮ್ಮನೆಯವರು ಎದ್ದು ಚಾನೆಲ್ ಬದಲಿಸುತ್ತಿದ್ದರು. "ನಂದೀಗ ಡ್ಯೂಟಿ ಇಲ್ಲ," ಅನ್ನುತ್ತಿದ್ದರು, ನಾನೇನೋ ಕದಿಯಲು ಹೇಳಿದವಳ ಹಾಗೆ ನನ್ನ ಮುಖ ನೋಡಿ.

ಫೋನು ಕೈ ಬದಲಾಗುತ್ತಿದ್ದದ್ದು ನಮ್ಮ ವರಾಂಡದಲ್ಲಿ. ಹೋಗುವವನು ನಿಂತುಕೊಂಡೇ ವರದಿ ಕೊಡಬೇಕು. "ಮುಂಜಾನಿಂದ ಸ್ವಲ್ಪ ಇಳಿದೈತ್ರಿ, ಹನ್ನೊಂದಕ್ಕ ಏರಿತ್ತು, ಈಗ ಸಮ ಐತಿ. ಚಾರ್ಜ್ ಅರ್ಧ ಐತಿ." ಬರುವವನು ತಲೆ ಆಡಿಸಿ ಫೋನು ತೆಗೆದುಕೊಳ್ಳಬೇಕು. ಬದಲಿಯವನು ಬರುವ ತನಕ ಹಳಬ ಅಲುಗುವಂತಿಲ್ಲ. ಒಮ್ಮೆ ರಾಯಚೂರಿನವರು ಗ್ಯಾಸಿನವನಿಗೆ ಕಾದು ತಡಮಾಡಿದರೆಂದು ಬೀದರಿನವರು ಮಧ್ಯಾಹ್ನದ ಊಟ ಬಿಟ್ಟು ನಮ್ಮ ವರಾಂಡದಲ್ಲೇ ಕೂತಿದ್ದರು. ನಾನು ತಟ್ಟೆ ತಂದಿಟ್ಟರೆ, "ಡ್ಯೂಟಿ ಮ್ಯಾಲೆ ಉಣ್ಣಂಗಿಲ್ರಿ ಬಾಯಾರ," ಅಂದರು.

ನಕ್ಕೆ, ನಿಜ. ಆದರೆ ನನಗೆ ಎಷ್ಟು ಸುಖವಾಯಿತೆಂದು ಯಾರಿಗೆ ಹೇಳಲಿ. ಮನೆಗೆ ಮತ್ತೆ ಗಡಿಯಾರ ಬಂದಿತ್ತು. ನಮ್ಮನೆಯವರ ಬಿ ಶಿಫ್ಟ್ ಇದ್ದರೆ ಒಂದೂವರೆಗೆ ಊಟ, ಸಿ ಶಿಫ್ಟ್ ಇದ್ದರೆ ಹಗಲು ಪರದೆ ಎಳೆದು ಮಲಗಿಸುವುದು. ಸಾರಿಗೆ ಒಗ್ಗರಣೆ ಹಾಕುವಾಗಲೂ ಮುಚ್ಚಳ ಹಿಡಿದು ಸದ್ದಾಗದಂತೆ ಹಾಕುತ್ತಿದ್ದೆ. ಹಿಂದೆ ಮಕ್ಕಳಿಗೆ, ಅಪ್ಪ ಮಲಗ್ಯಾರ, ಬಾಗಲಾಚೆ ಆಡ್ರಿ ಎಂದು ಬೆರಳು ತುಟಿಗಿಟ್ಟು ಹೇಳುತ್ತಿದ್ದೆ. ಈಗ ಬೀದಿಯ ತರಕಾರಿಯವನಿಗೆ ಹೇಳತೊಡಗಿದೆ.

ಹಳೆಯ ದಿನಗಳು ಹಾಗೆಯೇ ಎದ್ದು ಬಂದವು. ಆಗ ಕಾರ್ಖಾನೆಯ ಸೈರನ್ ಆದರೆ ಇಡೀ ಕಾಲನಿಯಲ್ಲಿ ಕುಕ್ಕರ್ ಇಳಿಯುತ್ತಿತ್ತು. ಮೂರು ಡಬ್ಬದ ಕ್ಯಾರಿಯರ್, ಮೇಲಿನದರಲ್ಲಿ ಶೇಂಗಾ ಚಟ್ನಿ, ನಡುವೆ ಪಲ್ಯ, ಕೆಳಗೆ ರೊಟ್ಟಿ. ಗೇಟಿನಿಂದ ಸೈಕಲ್ಲುಗಳು ಬೀದಿ ತುಂಬ ಹೊರಡುತ್ತಿದ್ದವು. ನಮ್ಮ ಮತ್ತು ಬೀದರಿನವರ ಸಿ ಶಿಫ್ಟ್ ಒಂದೇ ವಾರ ಬಂತೆಂದರೆ ನನಗೆ ಹಬ್ಬ. ವೈನಿ ಮಕ್ಕಳನ್ನೂ ಹಾಸಿಗೆಯನ್ನೂ ಹೊತ್ತು ನಮ್ಮ ಮನೆಗೆ ಬರುತ್ತಿದ್ದಳು. ಒಂದೇ ಒಲೆಯಲ್ಲಿ ಅಡುಗೆ, ಒಂದೇ ಕೋಣೆಯಲ್ಲಿ ಉದ್ದಕ್ಕೆ ಹಾಸಿಗೆ. ಅವಳು ರೊಟ್ಟಿ ಬಡಿಯುತ್ತಿದ್ದಳು, ನಾನು ಸುಡುತ್ತಿದ್ದೆ. ಹೊರಗೆ ಹೋದರೆ ತೆಲುಗು, ಹಿಂದಿ. ಬಾಗಿಲು ಹಾಕಿದ ಮೇಲೆ ನಮ್ಮ ಮಾತು. ಅವಳ ಬೀದರಿನ ಕನ್ನಡವನ್ನು ನಾನು ಅಣಕಿಸುತ್ತಿದ್ದೆ, ನನ್ನ ಗದಗಿನದನ್ನು ಅವಳು. ನನ್ನ ಬದುಕಿನ ಒಳ್ಳೆಯ ದಿನ ಯಾವುವು ಎಂದು ಯಾರಾದರೂ ಕೇಳಿದ್ದರೆ ಆ ವಾರಗಳನ್ನೇ ಹೇಳುತ್ತಿದ್ದೆ.

ಕಾಯಿನ್ ಮಾತ್ರ ಯಾರ ಮಾತೂ ಕೇಳಲಿಲ್ಲ. ಒಂದು ದಿನ ಏರಿ ಟಾರ್ಗೆಟ್ಟಿನ ಹತ್ತಿರ ಹೋಗುವುದು, ಮರುದಿನ ಮುಖ ಕೆಳಗೆ ಮಾಡುವುದು. ಬೆಲೆ ಕೇಳುವ ಹಕ್ಕು ನನಗೂ ಇರಲಿಲ್ಲ, ಆದರೆ ಗಂಡಸರನ್ನು ನೋಡಿಯೇ ನಾನು ಹೇಳುತ್ತಿದ್ದೆ. ಏರಿದ ದಿನ ನಮ್ಮನೆಯವರಿಗೆ ಮಿರ್ಚಿ ಬಜ್ಜಿ ನೆನಪಾಗುತ್ತಿತ್ತು. ಇಳಿದ ದಿನ ಗಿಡಕ್ಕೆ ನೀರು ಹಾಕುತ್ತಿದ್ದರು, ಹಾಕಿದ್ದಕ್ಕೇ ಮತ್ತೆ ಹಾಕುತ್ತಿದ್ದರು. ನನ್ನ ಒಂದು ದಾಸವಾಳ ಆ ವರ್ಷ ಬುಡ ಕೊಳೆತು ಸತ್ತಿತು. ರಾಯಚೂರಿನವರು ಇಳಿದ ದಿನ ಬಿಪಿ ಗುಳಿಗೆ ನುಂಗಿ, ಏರಿದ ದಿನ ಮರೆಯುತ್ತಿದ್ದರು. ಬೀದರಿನವರು ಹೇಗಿದ್ದರೂ ಹಾಗೇ ಇರುವವರು. ನಾನಂತೂ ವಾರದಲ್ಲಿ ಎರಡು ದಿನ ಒಪ್ಪತ್ತು ಹಿಡಿದೆ. ಕಾಯಿನ್ ಎಂಬುದು ದೇವರಿಗೆ ಅರ್ಥವಾಗಲಿ ಎಂದು, "ಲಿಂಗಂಪಲ್ಲಿ ಫ್ಲ್ಯಾಟು, ಸ್ಟೇಷನ್ ಹಿಂದ," ಎಂದು ವಿಳಾಸ ಸಮೇತ ಬೇಡಿಕೊಳ್ಳುತ್ತಿದ್ದೆ.

ಆ ದಿನ ಬೀದರಿನವರದು ಎ ಶಿಫ್ಟ್. ಎರಡು ಗಂಟೆಗೆ ಸರಿಯಾಗಿ ಫೋನು ಹಿಡಿದು ಬಂದರು. ಬದಲಿ ನಮ್ಮನೆಯವರು. ನಾನು ಬಾಗಿಲಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದೆ. ಬೀದರಿನವರು ನಿಂತುಕೊಂಡು, ಯಾವತ್ತಿನ ಧ್ವನಿಯಲ್ಲೇ, "ಟಾರ್ಗೆಟ್ ಮುಟ್ಟಿತ್ರಿ. ಮುಟ್ಟಿ ಇಳೀತು. ಒತ್ತೂದ್ರೊಳಗ ಕೈ ತಪ್ಪಿ ಹೋಯ್ತು," ಅಂದರು. ನನ್ನ ಕೈಯ ಸೊಪ್ಪು ಕೈಯಲ್ಲೇ ಉಳಿಯಿತು. ನಮ್ಮನೆಯವರು ಫೋನು ತೆಗೆದುಕೊಂಡು ನೋಡಿದರು. ಹೋಗುವವನ ವರದಿಯನ್ನು ಪ್ರಶ್ನೆ ಮಾಡುವ ಪದ್ಧತಿ ಅವರಲ್ಲಿಲ್ಲ. "ಇರ್ಲಿ, ಒಮ್ಮೆ ಮುಟ್ಟಿದ್ದು ಮತ್ತೊಮ್ಮೆ ಮುಟ್ಟತೈತಿ," ಅಂದರು. ನಾನು ಕೊಟ್ಟ ಚಹಾದಲ್ಲಿ ಅವತ್ತು ಸಕ್ಕರೆ ಹಾಕಿರಲಿಲ್ಲವೆಂದು ನನಗೆ ಆಮೇಲೆ ಗೊತ್ತಾಯಿತು. ಬೀದರಿನವರು ಅದನ್ನು ಪೂರ್ತಿ ಕುಡಿದು ಹೋಗಿದ್ದರು.

ಆ ಸಲ ಅದು ಮತ್ತೆ ಮುಟ್ಟಲಿಲ್ಲ. ವಾರದಲ್ಲಿ ಇಳಿಯಿತು, ತಿಂಗಳಲ್ಲಿ ಕುಸಿಯಿತು, ಆಮೇಲೆ ಬಿದ್ದಲ್ಲೇ ಬಿದ್ದುಕೊಂಡಿತು. ಈಗ ಮಾರಿದರೆ ಹಾಕಿದ್ದರ ಅರ್ಧವೂ ಬರುವುದಿಲ್ಲ ಎಂದು ಅಳಿಯ ಹೇಳಿದ. ಬಿಲ್ಡರ್ ಆ ಫ್ಲ್ಯಾಟನ್ನು ವಾರಂಗಲ್ ಕಡೆಯ ಒಬ್ಬರಿಗೆ ಕೊಟ್ಟ. ನಾನು ಆ ಕಾಯಿನ್ನಿಗೆ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಒಂದು ಗಳಿಗೆ, ಒಂದೇ ಒಂದು ಗಳಿಗೆ ನಿಂತಿದ್ದರೆ ಅದರ ಗಂಟೇನು ಹೋಗುತ್ತಿತ್ತು ಎಂದು ವೈನಿಯ ಮುಂದೆ ಅತ್ತೆ. ಅವಳು ನನ್ನ ಬೆನ್ನು ಸವರಿದಳು. "ಬಿಡ್ರಿ ಅಕ್ಕಾರ, ಅದು ನಮ್ಮ ಕೈಯಾಗ ಇರೂದಲ್ಲ," ಅಂದಳು.

ಕ್ವಾರ್ಟರ್ಸಿನ ಗಡುವು ಮುಗಿದು ಅವರು ಲಾರಿಗೆ ಸಾಮಾನು ಏರಿಸಿದ ದಿನ ನಾನು ದಾರಿಗೆಂದು ಬುತ್ತಿ ಕಟ್ಟಿಕೊಟ್ಟೆ. ಬೀದರೇನು ದೂರ, ರೈಲು ಹತ್ತಿದರೆ ಅರ್ಧ ದಿನವಿಲ್ಲ ಎಂದು ಎಲ್ಲರೂ ನನಗೆ ಸಮಾಧಾನ ಹೇಳಿದರು. ದೂರದ ಮಾತಲ್ಲ ಅದು. ಸಂಜೆ ಚಹಾಕ್ಕೆ ಹಾಲು ಕಡಿಮೆಯಾದರೆ ಬಟ್ಟಲು ಹಿಡಿದು ಹೋಗುವ ಮನೆ ಇನ್ನು ಇರುವುದಿಲ್ಲ, ಅಷ್ಟೇ.

ಇತ್ತ ಉಳಿದ ಇಬ್ಬರು ಶಿಫ್ಟ್ ಬಿಡಲಿಲ್ಲ. ಸತ್ತು ಮಲಗಿದ ಬೆಲೆಯನ್ನು ಹನ್ನೆರಡು ಹನ್ನೆರಡು ತಾಸು ಕಾಯ್ದರು, ಓವರ್‌ಟೈಮ್ ಅಂದರು. ಬೀದರಿನವರು ದಿನಾ ಎರಡಕ್ಕೆ ಫೋನು ಮಾಡಿ ವರದಿ ಕೇಳುತ್ತಿದ್ದರು. ವೈನಿಯೂ ಆಗಾಗ ಮಾತಾಡುತ್ತಿದ್ದಳು. ಅಲ್ಲಿ ಪೇಟೆ ಹತ್ತಿರ, ದೊಡ್ಡ ಮಗಳ ಮನೆ ಎರಡು ಓಣಿಯಾಚೆ, ಅಂಗಳದಲ್ಲಿ ನುಗ್ಗೆ ಹಾಕಿದ್ದೇವೆ ಎಂದು ಹೇಳುತ್ತಿದ್ದಳು. ನನ್ನ ಮನಸ್ಸು ನೋಯಬಾರದೆಂದು ಖುಷಿಯಾಗಿರುವ ಹಾಗೆ ನಟಿಸುತ್ತಾಳೆ ಎಂದುಕೊಂಡೆ.

ವರ್ಷ ಕಳೆದು ಮತ್ತೊಂದು ವರ್ಷವೂ ಉರುಳಿದ ಮೇಲೆ ಕಾಯಿನ್ ಎದ್ದು ಕೂತಿತು. ಮೊದಲು ಯಾರೂ ನಂಬಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ನಮ್ಮನೆಯವರು, ಡ್ಯೂಟಿಯ ಕಾನೂನು ಮುರಿದು, ಫೋನನ್ನು ನನ್ನ ಕಣ್ಣ ಮುಂದೆ ಹಿಡಿದರು. "ಟಾರ್ಗೆಟ್ ದಾಟೈತಿ ನೋಡು. ವೈನ್ಯಾರಿಗೆ ನೀನ ಹೇಳು." ಆ ಬಿಲ್ಡಿಂಗಿನ ಫ್ಲ್ಯಾಟು ಹೋಗಿತ್ತು, ಆದರೆ ಅದರ ಹಿಂದಿನ ಗಲ್ಲಿಯಲ್ಲಿ ಹಳೆಯ ಫ್ಲ್ಯಾಟೊಂದನ್ನು ಬಾಡಿಗೆಯವರು ಖಾಲಿ ಮಾಡಿದ್ದಾರೆ ಎಂದು ನನಗೆ ಗೊತ್ತಿತ್ತು. ಗೊತ್ತಿತ್ತು ಏನು, ಎರಡು ವರ್ಷ ಇಂಥದ್ದನ್ನೇ ವಿಚಾರಿಸುತ್ತ ಓಡಾಡಿದ್ದೆ.

ಫೋನು ಎತ್ತಿದ ಕೂಡಲೇ ಎಲ್ಲ ಒಂದೇ ಉಸಿರಿಗೆ ಹೇಳಿದೆ. ಕಾಯಿನ್ ಬಂದಿದೆ, ದುಡ್ಡು ಬರುತ್ತದೆ, ಮನೆ ನೋಡಿದ್ದೇನೆ, ಅಡುಗೆಮನೆ ಸಣ್ಣದು ಆದರೆ ಗಾಳಿ ಇದೆ. "ಬರ್ರಿ ವೈನಿ," ಅಂದೆ. "ಹಳೇದೆಲ್ಲಾ ಮತ್ತ ಶುರು ಮಾಡೂಣು."

ಫೋನು ಕಟ್ಟಾಯಿತೋ ಎಂದು ನಾನು ಎರಡು ಸಲ ಹಲೋ ಅಂದೆ.

"ಅಕ್ಕಾರ, ಆ ದಿನ ಕಾಯಿನ್ ಕೈ ತಪ್ಪಿ ಹೋಗಿದ್ದಿಲ್ರಿ," ಅಂದಳು. "ಮುಟ್ಟಿ ನಿಂತಿತ್ತು. ನಾ ಅಡಗಿ ಮಾಡಿ ಮುಗಸೂತನಾ ನಿಂತಿತ್ತು. ಇವರು ಒತ್ತತೀನಿ ಅಂದ್ರು. ನಾನೇ ಬ್ಯಾಡ ಅಂದೆ."

ನನಗೆ ಮೊದಲು ಅರ್ಥವೇ ಆಗಲಿಲ್ಲ. "ಇನ್ನೂ ಏರತೈತಿ ಅಂತನಾ?" ಎಂದು ಕೇಳಿದೆ.

"ಅಲ್ರಿ. ಮಾರಿದ್ರ ಆ ಫ್ಲ್ಯಾಟಿಗೆ ಕಟ್ಟಬೇಕಾಗ್ತಿತ್ತು. ನೀವು ಬಿಲ್ಡರ್‌ಗೆ ಮಾತು ಕೊಟ್ಟು ಬಂದಿದ್ರಿ. ಅಷ್ಟು ಕೆಳಗ ಬೀಳ್ತದ ಅಂತ ನನಗ ಎಲ್ಲಿ ಗೊತ್ತಿತ್ತು? ಇವತ್ತೊಂದಿನ ಬ್ಯಾಡ ಅಂದೆ, ಅಷ್ಟ." ಅವಳು ಅಲ್ಲಿಗೆ ನಿಲ್ಲಿಸಲಿಲ್ಲ. "ಸೈರನ್ ಅಂದ್ರ ನಿಮಗ ಜೀವ. ನನಗ ಅದು ಹೊಡದಾಗೆಲ್ಲಾ ಎರಡೂ ಕಿವಿ ಮುಚ್ಕೊಂಡು ಕುಂದರಬೇಕು ಅನಸ್ತಿತ್ತು. ಸಿ ಶಿಫ್ಟಿಗೆ ಇವರು ಹೋದ್ರ ಒಬ್ಬಾಕಿಗೇ ಅಂಜಿಕಿ ಬರ್ತಿತ್ತು, ಅದಕ್ಕ ನಿಮ್ಮ ಮನಿಗೆ ಬರ್ತಿದ್ದೆ. ರಿಟೈರ್ ಆದ್ರ ಮುಗೀತು ಅಂದ್ಕೊಂಡಿದ್ದೆ. ಮತ್ತ ಈ ಕಾಯಿನ್ ಹಿಡ್ಕೊಂಡು ಕುಂತ್ರು. ಇಲ್ಲಿಗೆ ಬಂದ ಮ್ಯಾಲೆ ಮನಷ್ಯಾ ರಾತ್ರಿ ಮಲಗ್ತಾನ, ಹಗಲು ಏಳ್ತಾನ. ನನಗ ಇಷ್ಟ ಬೇಕಾಗಿತ್ತು."

ಸಿಟ್ಟು ಬಂತು. ಬಹಳ ಬಂತು. ಉಪವಾಸ ಮಾಡಿದವಳು ನಾನು, ಮೂರು ಮಹಡಿ ಹತ್ತಿದವಳು ನಾನು, ಎರಡು ವರ್ಷ ಒಂದು ಕಾಯಿನ್ನಿಗೆ ಶಾಪ ಹಾಕಿದವಳು ನಾನು. ಅದಕ್ಕಿಂತ ಹೆಚ್ಚು, ನನ್ನ ಹಬ್ಬ ಅವಳಿಗೆ ಅಂಜಿಕೆಯಾಗಿತ್ತು ಎನ್ನುವುದು. ಒಂದೇ ಕೋಣೆಯಲ್ಲಿ ಮಲಗಿ ನಾವು ಎರಡು ಬೇರೆ ರಾತ್ರಿ ಕಳೆದಿದ್ದೆವು.

"ಆವಾಗ್ಲೇ ನನಗ ಯಾಕ ಹೇಳಲಿಲ್ಲ?" ಅಂದೆ. ಗಟ್ಟಿಯಾಗಿಯೇ ಕೇಳಿದೆ.

"ಹೇಳಿದ್ರ ನೀವು ಅಳ್ತಿದ್ರಿ," ಅಂದಳು. "ನೀವು ಅತ್ತಿದ್ರ ನಾ ಉಳದುಬಿಡ್ತಿದ್ದೆ."

ಅದು ನಿಜ. ನಾನು ಅಳುತ್ತಿದ್ದೆ, ಅವಳು ಉಳಿಯುತ್ತಿದ್ದಳು, ಅವಳು ಸುಖವಾಗಿದ್ದಾಳೆ ಎಂದು ನಾನು ಸಾಯುವ ತನಕ ನಂಬಿಕೊಂಡಿರುತ್ತಿದ್ದೆ. ಕೊನೆಗೆ ನುಗ್ಗೆ ಕಾಯಿ ಬಿಟ್ಟಿತೇ ಎಂದು ಕೇಳಿದೆ. ಬಿಟ್ಟಿದೆ, ಬಹಳ ಬಿಟ್ಟಿದೆ, ಬಂದು ಒಯ್ಯಿರಿ ಎಂದಳು. ಬರುತ್ತೇನೆ ಅಂದೆ.

ನಮ್ಮನೆಯವರು ಬಾಗಿಲಲ್ಲೇ ನಿಂತಿದ್ದರು. "ಏನಂದ್ರು? ಯಾವಾಗ ಬರ್ತಾರಂತ?"

"ಬರೂದಿಲ್ಲ," ಅಂದೆ. "ಮಾರಿಬಿಡ್ರಿ. ಅವರ ಪಾಲು ಅವರಿಗೆ ಕಳಸ್ರಿ."

ಅವರು ನನ್ನ ಮುಖ ನೋಡಿದರು, ಕಾರಣ ಕೇಳಲಿಲ್ಲ. ಕನ್ನಡಕ ಸರಿಮಾಡಿಕೊಂಡು, ಹೆಬ್ಬೆರಳನ್ನು ಅಂಗಿಗೆ ಒರೆಸಿ, ಗುಂಡಿ ಒತ್ತಿದರು.